ಬಿಷಪ್ ಕಾಟನ್ನರ ಹೆಸರಿನ ವಿದ್ಯಾಲಯ



ಮಹನೀಯರ ಸ್ಮರಣೆಗಾಗಿ ಗದ್ದುಗೆಯನ್ನು ಕಟ್ಟುವುದುಂಟು, ಅರವಟ್ಟಿಗೆಯನ್ನಿಡುವುದುಂಟು, ವಿದ್ಯಾಶಾಲೆಯನ್ನು ಸ್ಥಾಪಿಸುವುದೂ ಉಂಟು. ಇವುಗಳಲ್ಲಿ ಕಡೆಯದು ಕಲ್ಲಿಗಿಂತಲೂ ಹೆಚ್ಚು ಕಾಲ ಬಾಳತಕ್ಕದ್ದು. ಆದರೆ ಅದರ ಬಾಗಿಲು ಯಾರಿಗೆ ತೆರೆದಿರುವುದೆಂಬುದರ ಮೇಲೆ ಆ ಸ್ಮರಣೆಯ ಸಾರ್ಥಕ್ಯವು ನಿಂತಿರುವುದು. ಬೆಂಗಳೂರಿನಲ್ಲಿ ಆಂಗ್ಲಿಕನ್ ಪಂಥದ ಧರ್ಮಾಧ್ಯಕ್ಷರೊಬ್ಬರ ಹೆಸರನ್ನು ಧರಿಸಿರುವ ವಿದ್ಯಾಸಂಸ್ಥೆಯ ಚರಿತ್ರೆಯು ಇದಕ್ಕೆ ನಿದರ್ಶನವಾಗಿದೆ.

ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್ನರು 1813ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ರಗ್ಬಿ ಶಾಲೆಯಲ್ಲಿ ಥಾಮಸ್ ಆರ್ನಲ್ಡರ ಕೈಕೆಳಗೆ ಉಪಾಧ್ಯಾಯರಾಗಿಯೂ, 1852ರಿಂದ ಮಾರ್ಲ್‌ಬರೋ ಶಾಲೆಯ ಮುಖ್ಯರಾಗಿಯೂ ಇದ್ದು, 1858ರಲ್ಲಿ ಕಲ್ಕತ್ತೆಯ ಬಿಷಪ್ಪರಾದರು. ಧನವಂತರಾದ ಆಂಗ್ಲರು ಮಕ್ಕಳನ್ನು ಸ್ವದೇಶಕ್ಕೆ ಕಳುಹಿಸಿ ಓದಿಸುತ್ತಿದ್ದರು. ಬಡ ಐರೋಪ್ಯರ ಹಾಗೂ ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಆ ಭಾಗ್ಯವಿರಲಿಲ್ಲ. ಇದನ್ನು ಕಂಡು ಮರುಗಿದ ಕಾಟನ್ನರು 1859ರಲ್ಲಿ ಇಗರ್ಜಿಗಳಲ್ಲಿ ಕಾಣಿಕೆಯೆತ್ತಿಸಿ ಸಿಮ್ಲಾದಲ್ಲಿ ಶಾಲೆಗೆ ಅಡಿಗಲ್ಲಾದರು.

ಅದೇ ಮಾದರಿಯಲ್ಲಿ 1865ರಲ್ಲಿ ರೆವರೆಂಡ್ ಸ್ಯಾಮ್ಯುಯಲ್ ಥಾಮಸ್ ಪೆಟಿಗ್ರೂ ಎಂಬ ಪಾದ್ರಿಗಳು ಬೆಂಗಳೂರಿನ ಹೈಗ್ರೌಂಡ್ಸಿನಲ್ಲಿ ಶಾಲೆಯನ್ನು ತೆರೆದು, ಅದಕ್ಕೆ ಕಾಟನ್ನರ ಹೆಸರನ್ನಿಟ್ಟರು. ಮರುವರ್ಷವೇ, 1866ನೆಯ ಅಕ್ಟೋಬರ್ 6ರಂದು, ವಂಗದೇಶದ ಕುಷ್ಟಿಯಾದಲ್ಲಿ ಸ್ಮಶಾನಭೂಮಿಯೊಂದನ್ನು ಪ್ರತಿಷ್ಠೆಗೈದು ಹಡಗಿಗೆ ಮರಳುವಾಗ ಕಾಟನ್ನರು ಕಾಲುಜಾರಿ ನದಿಗೆ ಬಿದ್ದರು, ದೇಹವೂ ದೊರೆಯಲಿಲ್ಲ. ಸಮಾಧಿಯಿಲ್ಲದ ಆ ಗುರುವಿಗೆ ಶಾಲೆಗಳೇ ಸಮಾಧಿಯಾದುವು.

ಮುಂದೆ ಸೇಂಟ್ ಮಾರ್ಕ್ಸ್ ರಸ್ತೆಗೆ ಬಂದ ಆ ಶಾಲೆಗೆ 1870ರ ದಶಕದಲ್ಲಿ ಜಿ. ಯು. ಪೋಪರು ಅಧಿಪತಿಗಳಾಗಿದ್ದರು. ತಮಿಳುನಾಡಿಗೆ ಬೋಧಿಸಲು ಬಂದ ಅವರು ತಮಿಳಿಗೆ ಶಿಷ್ಯರಾದರು. 1886ರಲ್ಲಿ ತಿರುಕ್ಕುರಳನ್ನೂ, 1900ರಲ್ಲಿ ತಿರುವಾಚಕವನ್ನೂ ಇಂಗ್ಲಿಷಿಗೆ ಪರಿವರ್ತಿಸಿ ಪ್ರಕಟಿಸಿದರು. ಪಾಂಡ್ಯರ ಮಂತ್ರಿಪದವಿಯನ್ನು ತೊರೆದು ಶಿವನಿಗೆ ಶರಣಾದ ಮಾಣಿಕ್ಕವಾಚಕರ ವಾಣಿಯು ಪಶ್ಚಿಮಕ್ಕೆ ಕೇಳಿಸಿದ್ದು ಪಾದ್ರಿಯೊಬ್ಬರ ಕಂಠದಿಂದ. ಕಲಿಸುವವನು ಕಲಿಯಲು ಸಿದ್ಧನಾಗಿದ್ದರೆ ಅವನ ಮತವು ಅಡ್ಡಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಕೆ?

ಆದರೂ ಒಂದು ಮಾತನ್ನು ಮುಚ್ಚಿಡಬಾರದು. ಆ ಶಾಲೆಯು ಮೊದಲು ತೆರೆದುದು ಐರೋಪ್ಯರ ಮತ್ತು ಆಂಗ್ಲೋ ಇಂಡಿಯನ್ನರ ಮಕ್ಕಳಿಗಾಗಿ. ಪೇಟೆಯ ಮಕ್ಕಳಿಗೆ ಅದು ದೂರದ ಗೋಪುರವಾಗಿದ್ದಿತು. ಕಾಲಕ್ರಮದಲ್ಲಿ ಗೋಡೆಯು ಸಡಿಲಿತು. ಕೊಡಗಿನ ಬಾಲಕ ತಿಮ್ಮಯ್ಯನವರು ಅಲ್ಲಿ ಓದಿ, 1957ರಲ್ಲಿ ಸ್ವತಂತ್ರ ಭಾರತದ ಸೇನಾಧಿಪತಿಗಳಾದರು. ಇಂದು ಸಕಲ ಮತದವರ ಮಕ್ಕಳೂ ಅಲ್ಲಿ ಓದುವರು. ಅದೇ ಹೆಸರಿನ ಮಹಿಳಾ ಕಾಲೇಜಿನಲ್ಲಿ ಹೆಣ್ಣುಮಕ್ಕಳು ವಿಶ್ವವಿದ್ಯಾಲಯದ ಪದವಿಗೆ ವ್ಯಾಸಂಗಮಾಡುವರು.

ವೀರಶೈವ ಸಮಾಜದಲ್ಲಿಯೂ ಇಂಥ ಸ್ಮಾರಕವುಂಟು. 1916ರಲ್ಲಿ ಏಳು ಮಂದಿ ಉಪಾಧ್ಯಾಯರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು; ವಿದ್ಯೆಗಾಗಿ ಆಸ್ತಿಯನ್ನು ಬರೆದಿಟ್ಟ ಸಿರಸಂಗಿಯ ಲಿಂಗರಾಜ ದೇಸಾಯರ ಹೆಸರಿನಲ್ಲಿ 1933ರಲ್ಲಿ ಕಾಲೇಜನ್ನು ತೆರೆದರು. ತನ್ನ ಸಮಾಜದ ಮಕ್ಕಳ ಚಿಂತೆಯಿಂದ ಆರಂಭವಾಗುವುದು ಸಹಜವು. ಅಲ್ಲಿಯೇ ನಿಲ್ಲುವುದು ತರವಲ್ಲ.

ಆದುದರಿಂದ, ಭಕ್ತರೇ, ಮಠದ ಮಹೋತ್ಸವಕಾಲದಲ್ಲಿ ಹೆಬ್ಬಾಗಿಲ ಮೇಲಣ ಹೆಸರನ್ನು ಓದಿ ಸಂತೋಷಪಡಿರಿ. ಬಳಿಕ ಆ ಬಾಗಿಲಲ್ಲಿ ಹೊರಗೆ ನಿಂತ ಮಗುವೊಂದುಂಟೇ ಎಂದು ತಿರುಗಿ ನೋಡಿರಿ. ಆ ಮಗುವನ್ನು ಒಳಗೆ ಕರೆಯುವುದೇ ಹಿರಿಯರಿಗೆ ಸಲ್ಲಿಸುವ ನಿಜವಾದ ಕಾಣಿಕೆ.

ಸರ್ವರಿಗೂ ಮಂಗಳವಾಗಲಿ.