ನೇಗಿಲಿನಿಂದ ಕರ್ನಲ್ ಪದವಿಯವರೆಗೆ



ಊರು ಬಿಟ್ಟು ಬಂದ ನಮ್ಮನ್ನು ಜನ ಆಗಾಗ ಕೇಳುವುದುಂಟು: "ನೀವು ಇಲ್ಲಿಯವರೋ, ಅಲ್ಲಿಯವರೋ?" ಯುದ್ಧದ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಕೊಡಬೇಕಾಗಿ ಬಂದ ಒಬ್ಬ ರೈತನ ಮಗನ ಕಥೆಯನ್ನು ಇವತ್ತು ಕೇಳೋಣ.

ಹಾನ್ಸ್ ಮ್ಯಾಟ್ಸನ್ ಹುಟ್ಟಿದ್ದು 1832ರಲ್ಲಿ, ಸ್ವೀಡನ್ನಿನ ದಕ್ಷಿಣದ ಸ್ಕೋನೆ ಪ್ರಾಂತ್ಯದ ಒಕ್ಕಲು ಮನೆಯಲ್ಲಿ. ಹದಿಹರೆಯದಲ್ಲೇ ಫಿರಂಗಿ ದಳ ಸೇರಿದರು. ಆದರೆ ದೊಡ್ಡ ಮನೆತನದ ಹೆಸರಿಲ್ಲದವರಿಗೆ ಅಲ್ಲಿ ಮೇಲೇರುವ ದಾರಿ ಕಾಣಲಿಲ್ಲ. 1851ರಲ್ಲಿ ಅಮೆರಿಕದ ಹಡಗು ಹತ್ತಿದರು. ಭಾಷೆ ಬಾರದ ನಾಡಿನಲ್ಲಿ ಸಿಕ್ಕ ಕೂಲಿ ಮಾಡಿದರು. 1853ರಲ್ಲಿ ತಮ್ಮ ದೇಶದವರನ್ನು ಕೂಡಿಕೊಂಡು ಮಿನೆಸೋಟಾಕ್ಕೆ ಹೋಗಿ ಬೇಸಾಯಕ್ಕೆ ನಿಂತರು. ಆ ನೆಲೆಯೇ ಮುಂದೆ ವಾಸಾ ಎಂಬ ಊರಾಯಿತು. ಆಮೇಲೆ ರೆಡ್ ವಿಂಗ್ ಪಟ್ಟಣದಲ್ಲಿ ಕಾನೂನು ಓದಿದರು.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಮ್ಯಾಟ್ಸನ್ನರಿಗೆ ಆಗ ಹೆಂಡತಿ ಮಕ್ಕಳ ಸಂಸಾರವಿತ್ತು. ಆದರೂ ಸ್ವೀಡಿಷ್ ಪತ್ರಿಕೆಯೊಂದರಲ್ಲಿ ತಮ್ಮವರಿಗೆ ಕರೆ ಕೊಟ್ಟರು. ಆಶ್ರಯ ಕೊಟ್ಟ ದೇಶಕ್ಕೆ ಆಪತ್ತು ಬಂದಾಗ ಕೈಕಟ್ಟಿ ಕೂರಬಾರದು ಎಂಬುದು ಅದರ ಸಾರ. ಸ್ವೀಡನ್, ನಾರ್ವೆಗಳ ಯುವಕರು ಮುಂದೆ ಬಂದರು. ಮೂರನೆಯ ಮಿನೆಸೋಟಾ ಪದಾತಿ ದಳದ ಒಂದು ಕಂಪನಿಯೇ ಅವರಿಂದ ತುಂಬಿತು. ಮ್ಯಾಟ್ಸನ್ ಅದರ ಕ್ಯಾಪ್ಟನ್ ಆದರು.

1862ರ ಜುಲೈಯಲ್ಲಿ ಟೆನೆಸಿಯ ಮರ್ಫ್ರೀಸ್‌ಬರೋದಲ್ಲಿ ಆ ದಳ ಶತ್ರುವಿಗೆ ಶರಣಾಯಿತು. ಮ್ಯಾಟ್ಸನ್ ಆಗ ರಜೆಯಲ್ಲಿದ್ದರು. ಶರಣಾಗತಿಗೆ ಒಪ್ಪಿದ ಅಧಿಕಾರಿಗಳನ್ನು ಸೇವೆಯಿಂದ ವಜಾ ಮಾಡಲಾಯಿತು. ಸೈನಿಕರಿಗೋ, ತಲೆ ಎತ್ತಿ ನಡೆಯುವುದೇ ಕಷ್ಟವಾಯಿತು. ಕಳೆದುಕೊಂಡ ಆ ಮಾನವನ್ನು ಮರಳಿ ಪಡೆದದ್ದು ನಿಧಾನವಾಗಿ. 1863ರಲ್ಲಿ ವಿಕ್ಸ್‌ಬರ್ಗ್ ಮುತ್ತಿಗೆಯಲ್ಲಿ ಪಾಲ್ಗೊಂಡರು. ಅದೇ ಸೆಪ್ಟೆಂಬರಿನಲ್ಲಿ ಲಿಟಲ್ ರಾಕ್ ಕೈವಶವಾದಾಗ ಆ ನಗರದ ಕಾವಲಿಗೆ ಇದೇ ದಳವನ್ನು ಆರಿಸಿದರು. ಯುದ್ಧ ಮುಗಿಯುವ ವೇಳೆಗೆ ಮ್ಯಾಟ್ಸನ್ ಅದರ ಕರ್ನಲ್ ಆಗಿದ್ದರು.

ಮುಂದೆ ಅವರು ಮಿನೆಸೋಟಾ ರಾಜ್ಯದ ಕಾರ್ಯದರ್ಶಿಯಾದರು, ಸ್ವೀಡಿಷ್ ಪತ್ರಿಕೆಗಳನ್ನೂ ನಡೆಸಿದರು. 1881ರಲ್ಲಿ ಅಮೆರಿಕದ ಕಾನ್ಸಲ್ ಜನರಲ್ ಆಗಿ ನಮ್ಮ ಕಲ್ಕತ್ತಕ್ಕೂ ಬಂದು, 1883ರವರೆಗೆ ಇದ್ದರು. 1893ರಲ್ಲಿ ತೀರಿಕೊಂಡರು.

ಗಮನಿಸಿ, ಹೊಸ ನಾಡಿಗಾಗಿ ಹೋರಾಡಲು ಅವರು ಜನರನ್ನು ಕರೆದದ್ದು ತಾಯ್ನುಡಿಯಲ್ಲಿ. ಮುಂಬಯಿಯಲ್ಲೋ ಚೆನ್ನೈಯಲ್ಲೋ ನಿಮ್ಮ ಬೀದಿಗೆ ನೆರೆ ನೀರು ನುಗ್ಗಿದಾಗ ನಿಮ್ಮ ಕನ್ನಡ ಸಂಘದ ಬಾಗಿಲು ನೆರೆಮನೆಯವರಿಗೂ ತೆರೆದಿರುತ್ತದೆಯೇ? ಯೋಚಿಸಿ ನೋಡಿ.