‘ಒಳ್ಳೆ ಕ್ಯಾನ್ಸರ್’ ಅನ್ನಬೇಡಿ, ಜೀಪ್ ತಗೊಂಡು ಬನ್ನಿ

ನಾನು ಕಳಸದ ಕಡೆಯವಳು. 26ನೇ ವಯಸ್ಸಲ್ಲಿ ನನಗೆ ಥೈರಾಯ್ಡ್ ಕ್ಯಾನ್ಸರ್ ಅಂತ ಗೊತ್ತಾಯ್ತು. ಇವತ್ತಿನ ಮಾತು ಆ ಕಾಯಿಲೆ ಬಂದವರಿಗೂ ಹೌದು, ಆದ್ರೆ ಅವರ ಫ್ರೆಂಡ್ಸ್‌ಗೆ ಇನ್ನೂ ಹೆಚ್ಚು. ಯಾಕಂದ್ರೆ ಡಾಕ್ಟರ್ ಏನು ಮಾಡ್ಬೇಕು ಅಂತ ಡಾಕ್ಟರಿಗೆ ಗೊತ್ತಿರುತ್ತೆ. ಫ್ರೆಂಡ್ ಏನು ಮಾಡ್ಬೇಕು ಅಂತ ಯಾರೂ ಹೇಳಿಕೊಡಲ್ಲ.

ಮೊದಲು ಕಾಯಿಲೆ ಬಗ್ಗೆ ಸ್ವಲ್ಪ. ಥೈರಾಯ್ಡ್ ಅಂದ್ರೆ ಕತ್ತಿನ ಕೆಳಭಾಗದಲ್ಲಿ, ಮುಂದುಗಡೆ, ಚಿಟ್ಟೆ ಆಕಾರದಲ್ಲಿರೋ ಒಂದು ಗ್ರಂಥಿ. ನಮ್ಮ ಮಲೆನಾಡಿಗೆ ಕತ್ತಿನ ಗಂಟು ಹೊಸದಲ್ಲ. ಮಣ್ಣಲ್ಲಿ, ನೀರಲ್ಲಿ ಅಯೋಡಿನ್ ಕಡಿಮೆಯಾದ್ರೆ ಗಳಗಂಡ ಬರುತ್ತೆ. ಅದಕ್ಕೇ 1962ರಲ್ಲಿ ಸರ್ಕಾರ ಗಳಗಂಡ ತಡೆಯೋ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿ ಅಯೋಡಿನ್ ಉಪ್ಪು ತಂದಿದ್ದು. ಹಾಗಾಗಿ ನನ್ನ ಕತ್ತಲ್ಲಿ ಗಂಟು ಕಂಡಾಗ ಮನೆಯವರು, "ನಿನ್ನ ಅಜ್ಜಿಗೂ ಇತ್ತು, ಎಂತ ಆಗಲ್ಲ" ಅಂದ್ರು. ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ, ಅದು ನಿಜ. ಆದ್ರೆ ಯಾವುದು ಹೌದು, ಯಾವುದು ಅಲ್ಲ ಅಂತ ಹೊರಗಿಂದ ನೋಡಿ ಹೇಳೋಕಾಗಲ್ಲ. ಟಿಎಸ್‌ಎಚ್ ರಕ್ತ ಪರೀಕ್ಷೆ ನಾರ್ಮಲ್ ಇದ್ರೂ ಕ್ಯಾನ್ಸರ್ ಇರಬಹುದು. ಅಲ್ಟ್ರಾಸೌಂಡ್ ಮಾಡಿ, ಬೇಕಿದ್ರೆ ಸಣ್ಣ ಸೂಜಿಯಿಂದ ಜೀವಕೋಶ ತೆಗೆದು ನೋಡ್ತಾರೆ. ಅದಕ್ಕೆ ಎಫ್‌ಎನ್‌ಎಸಿ ಅಂತಾರೆ.

ನನ್ನ ರಿಪೋರ್ಟಲ್ಲಿ ಬಂದಿದ್ದು ಪ್ಯಾಪಿಲ್ಲರಿ. ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಇದೇ ಹೆಚ್ಚು, ಬೆಳೆಯೋದೂ ಸಾಮಾನ್ಯವಾಗಿ ನಿಧಾನ. 55 ವರ್ಷದೊಳಗಿನವರಿಗೆ ಈ ಜಾತಿಯಲ್ಲಿ ಒಂದನೇ ಸ್ಟೇಜ್, ಎರಡನೇ ಸ್ಟೇಜ್ ಮಾತ್ರ. ಮೂರು, ನಾಲ್ಕು ಅನ್ನೋದೇ ಇಲ್ಲ. ಇದನ್ನ ಕೇಳಿದವರೆಲ್ಲ ನನಗೆ ಹೇಳಿದ್ದು ಒಂದೇ ಮಾತು: "ಅಯ್ಯೋ, ಇದು ಒಳ್ಳೆ ಕ್ಯಾನ್ಸರ್ ಅಂತೆ ಬಿಡು."

ಹೇಳೋರ ಮನಸ್ಸು ಒಳ್ಳೇದೇ. ಆದ್ರೆ ಆ ಮಾತು ಕೇಳಿದ ಮೇಲೆ ಅಳೋಕೂ ಆಗಲ್ಲ. "ಒಳ್ಳೇದು ಬಂದಿದೆ, ಇವಳು ಯಾಕೆ ಅಳ್ತಾಳೆ" ಅಂತ ಅಂದ್ಕೊಳ್ತಾರೇನೋ ಅನ್ಸುತ್ತೆ. ಕತ್ತು ಕೊಯ್ದು ಗ್ರಂಥಿ ತೆಗೀತಾರೆ, ಜೀವನಪೂರ್ತಿ ಮಾತ್ರೆ, ವರ್ಷ ವರ್ಷ ಚೆಕಪ್. ವಾಸಿಯಾಗುತ್ತೆ ಅನ್ನೋದೂ ನಿಜ, ಭಯ ಆಗುತ್ತೆ ಅನ್ನೋದೂ ನಿಜ.

ನಾನು ನಮ್ಮ ಕಾಲೇಜಿನ ವಾಟ್ಸಾಪ್ ಗ್ರೂಪಲ್ಲಿ ಹಾಕ್ದೆ. ಹತ್ತು ನಿಮಿಷ ಯಾರೂ ಏನೂ ಬರೀಲಿಲ್ಲ. ಆಮೇಲೆ ಬೆಂಗಳೂರಲ್ಲಿರೋ ಗೆಳತಿ ಫೋನ್ ಮಾಡಿದ್ಲು. "ಎಂತ ಹೇಳ್ಬೇಕು ಅಂತ ಗೊತ್ತಾಗ್ತಿಲ್ಲ ಮಾರಾಯ್ತಿ. ಆದ್ರೆ ಫೋನ್ ಇಡಲ್ಲ" ಅಂದ್ಲು. ಆ ವಾರ ನಾನು ಕೇಳಿದ ಅತ್ಯಂತ ಒಳ್ಳೆ ಮಾತು ಅದು.

ಆಮೇಲೆ ಮೂರು ಜನ ಕೆಲಸ ಹಂಚಿಕೊಂಡ್ರು. ಬೆಂಗಳೂರಿನವಳು ಕಾಗದಪತ್ರ ನೋಡ್ಕೊಂಡ್ಲು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತೆ. ಅದಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗಬಹುದು, ಮೊದಲೇ ಕೇಳಿಕೊಳ್ಳಿ. ಜೀಪ್ ಓಡಿಸೋ ಗೆಳೆಯ ಕುದುರೆಮುಖ, ಕಾರ್ಕಳದ ದಾರಿಯಲ್ಲಿ ಕರಾವಳಿಯ ಆಸ್ಪತ್ರೆಗೆ ಕರ್ಕೊಂಡು ಹೋಗೋದು ತನ್ನ ಕೆಲಸ ಅಂದ. ಮಳೆಗಾಲದಲ್ಲಿ ನಮ್ಮ ಘಾಟಿ ಎಂಥದು ಅಂತ ನಿಮಗೆ ಗೊತ್ತು. ಮೂಡಿಗೆರೆಯ ಗೆಳತಿ ಡಾಕ್ಟರ ಮುಂದೆ ನೋಟ್‌ಬುಕ್ ಹಿಡ್ಕೊಂಡು ಕೂತ್ಲು. ಭಯದಲ್ಲಿ ನನ್ನ ತಲೆಗೆ ಅರ್ಧ ಮಾತೂ ಹೋಗ್ತಿರಲಿಲ್ಲ, ಅವಳು ಎಲ್ಲ ಬರ್ಕೊಂಡ್ಲು.

ಆ ನೋಟ್‌ಬುಕ್ ಉಪಯೋಗಕ್ಕೆ ಬಂತು. ಥೈರಾಯ್ಡ್ ಪಕ್ಕದಲ್ಲೇ ಕ್ಯಾಲ್ಸಿಯಂ ನೋಡ್ಕೊಳ್ಳೋ ನಾಲ್ಕು ಪುಟ್ಟ ಗ್ರಂಥಿಗಳಿರ್ತವೆ, ಆಪರೇಷನ್ನಲ್ಲಿ ಅವಕ್ಕೆ ಪೆಟ್ಟಾದ್ರೆ ಕ್ಯಾಲ್ಸಿಯಂ ಇಳಿಯುತ್ತೆ. ನಾನು "ತುಟಿ ಸುತ್ತ, ಬೆರಳ ತುದಿಯಲ್ಲಿ ಜುಮ್ ಅಂತಿದೆ" ಅಂದ ತಕ್ಷಣ ಅವಳು ನರ್ಸ್ ಅಕ್ಕನನ್ನ ಕರೆದ್ಲು. ಧ್ವನಿಯ ನರ ಕೂಡ ಅಲ್ಲೇ ಹಾದು ಹೋಗುತ್ತೆ. ನನ್ನ ಧ್ವನಿ ಕೆಲವು ವಾರ ಕೀರಲಾಗಿತ್ತು. ಆಗ ಎಲ್ಲರೂ ಕಾಲ್ ಮಾಡೋದು ಬಿಟ್ಟು, "ಉತ್ತರ ಬೇಡ" ಅಂತ ಬರೆದು ವಾಯ್ಸ್ ಮೆಸೇಜ್ ಕಳಿಸ್ತಿದ್ರು.

ಆಪರೇಷನ್ ಆದ ಮೇಲೆ ಕೆಲವರಿಗೆ ರೇಡಿಯೋ ಅಯೋಡಿನ್ ಕೊಡ್ತಾರೆ, ಎಲ್ಲರಿಗೂ ಅಲ್ಲ. ಅದಕ್ಕೆ ಮೊದಲು ಸ್ವಲ್ಪ ದಿನ ಅಯೋಡಿನ್ ಕಡಿಮೆ ಇರೋ ಊಟ. ಅಯೋಡಿನ್ ಉಪ್ಪಿಲ್ಲ, ಸಮುದ್ರದ ಮೀನಿಲ್ಲ, ಹಾಲು ಮೊಸರೂ ಮಿತಿಯಲ್ಲಿ. ಮೂಡಿಗೆರೆಯವಳ ಅಮ್ಮ ಬೇರೆ ಉಪ್ಪು ಹಾಕಿ ನನಗಂತಲೇ ಕಡುಬು, ಪಲ್ಯ ಮಾಡಿ ಬಸ್ಸಲ್ಲಿ ಕಳಿಸಿದ್ರು. ಔಷಧಿ ತಗೊಂಡ ಮೇಲೆ ಮೈಯಿಂದ ವಿಕಿರಣ ಬರುತ್ತೆ. ಐ-131 ಅನ್ನೋ ಆ ಅಯೋಡಿನ್ ಸುಮಾರು 8 ದಿನಕ್ಕೆ ಅರ್ಧ ಆಗುತ್ತೆ, ಮೈಯಿಂದ ಅದಕ್ಕಿಂತ ಬೇಗ ಹೊರಗೆ ಹೋಗುತ್ತೆ. ಆ ದಿನಗಳಲ್ಲಿ ಮಕ್ಕಳಿಂದ, ಗರ್ಭಿಣಿಯರಿಂದ ದೂರ ಇರಬೇಕು. ರಶ್ ಬಸ್ ಬೇಡ. ಜೀಪಿನವನು ನನ್ನನ್ನ ಹಿಂದಿನ ಸೀಟಿನ ಮೂಲೆಯಲ್ಲಿ ಕೂರಿಸಿ ಮನೆಗೆ ಬಿಟ್ಟ. ಆಮೇಲೆ ದಿನಾ ಸಂಜೆ ಅಂಗಳದ ಆಚೆ ತುದಿಯಲ್ಲಿ ಕುರ್ಚಿ ಹಾಕ್ಕೊಂಡು, ನಾನು ಕಿಟಕಿಯಲ್ಲಿ, ಅವನು ಅಲ್ಲಿ, ಅಡಿಕೆ ರೇಟು, ಕಾಫಿ ರೇಟು, ಯಾರ ಮದುವೆ ಅಂತ ಮಾತಾಡ್ತಿದ್ವಿ. ಆ ದಿನಗಳಲ್ಲಿ ಕ್ಯಾನ್ಸರ್ ಬಿಟ್ಟು ಬೇರೆ ವಿಷಯ ಮಾತಾಡೋರು ಎಷ್ಟು ಬೇಕು ಅಂತ ಅನುಭವಿಸಿದವರಿಗೇ ಗೊತ್ತು.

ಈಗ ಕಾಫಿ ನಾಡಿನವರಿಗೆ ಕಷ್ಟದ ಸುದ್ದಿ. ಥೈರಾಕ್ಸಿನ್ ಮಾತ್ರೆ ಖಾಲಿ ಹೊಟ್ಟೆಗೆ, ನೀರಲ್ಲೇ ತಗೋಬೇಕು. ಕಾಫಿ ಜೊತೆ ತಗೊಂಡ್ರೆ ಮಾತ್ರೆ ಮೈಗೆ ಸರಿಯಾಗಿ ಸೇರಲ್ಲ. ಅರ್ಧ ಗಂಟೆಯಿಂದ ಒಂದು ಗಂಟೆ ಕಾಯ್ಬೇಕು. ಕಣ್ಣು ಬಿಡ್ತಿದ್ದ ಹಾಗೆ ಲೋಟ ಹಿಡಿಯೋ ಊರಲ್ಲಿ ಇದು ಸಣ್ಣ ಶಿಕ್ಷೆ ಅಲ್ಲ. ಬೆಂಗಳೂರಿನವಳು ತನ್ನ ಕಾಫಿಯನ್ನೂ ನನ್ನ ಟೈಮಿಗೇ ಮುಂದಕ್ಕೆ ಹಾಕಿದ್ಲು. ಬೆಳಿಗ್ಗೆ "ಮಾತ್ರೆ ಆಯ್ತಾ?" ಅಂತ ಒಂದು ಮೆಸೇಜ್, ಒಂದು ಗಂಟೆ ಬಿಟ್ಟು ಕಾಫಿ ಲೋಟದ ಫೋಟೋ.

ಗಾಯದ ಗುರುತಿನ ಬಗ್ಗೆಯೂ ಹೇಳ್ಬೇಕು. ಮದುವೆ ಮನೆಯಲ್ಲಿ ಒಬ್ಬರು ದೊಡ್ಡಮ್ಮ, "ಕತ್ತು ಮುಚ್ಚೋ ಹಾಗೆ ಸೆರಗು ಹಾಕ್ಕೋ, ನಾಳೆ ನಿನಗೂ ಗಂಡು ನೋಡ್ಬೇಕಲ್ಲ" ಅಂದ್ರು. ನಾನು ಬಾಯಿ ತೆಗೆಯೋ ಮೊದಲೇ ಮೂಡಿಗೆರೆಯವಳು, "ಈ ಸೆಖೆಗೆ ಗಾಳಿ ಆಡ್ಲಿ ಬಿಡಿ ದೊಡ್ಡಮ್ಮ" ಅಂದ್ಲು. ಎಲ್ಲರೂ ನಕ್ಕರು, ದೊಡ್ಡಮ್ಮನೂ ನಕ್ಕರು.

ಎಲ್ಲ ಫ್ರೆಂಡ್ಸ್ ಹೀಗೇ ಇರಲ್ಲ. ಒಬ್ಬಳು ಆರು ತಿಂಗಳು ಮಾತೇ ಆಡ್ಲಿಲ್ಲ. ಆಮೇಲೆ ಬಂದು, "ನಮ್ಮಪ್ಪ ಕ್ಯಾನ್ಸರಲ್ಲೇ ಹೋಗಿದ್ದು, ನಿನ್ನ ನೋಡೋಕೆ ಧೈರ್ಯ ಬರಲಿಲ್ಲ" ಅಂದ್ಲು. ಯಾರಾದ್ರೂ ದೂರ ಹೋದ್ರೆ ಪ್ರೀತಿ ಇಲ್ಲ ಅಂತಲೇ ಅರ್ಥ ಅಲ್ಲ.

ಇದನ್ನ ಕೇಳಿ ಗಾಬರಿಯಾಗಿ ಎಲ್ಲರೂ ಸ್ಕ್ಯಾನಿಂಗಿಗೆ ಓಡ್ಬೇಡಿ. ದಕ್ಷಿಣ ಕೊರಿಯಾದಲ್ಲಿ ಏನೂ ತೊಂದರೆ ಇಲ್ಲದವರಿಗೂ ಕತ್ತಿನ ಸ್ಕ್ಯಾನ್ ಮಾಡಿದ್ರಿಂದ 1993ರಿಂದ 2011ರೊಳಗೆ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್ ಸುಮಾರು 15 ಪಟ್ಟು ಆಯ್ತು, ಸಾವಿನ ಪ್ರಮಾಣ ಮಾತ್ರ ಬದಲಾಗಲಿಲ್ಲ. ಆದ್ರೆ ಗಂಟು ಕೈಗೆ ಸಿಕ್ಕಿದ್ರೆ, ಧ್ವನಿ ಬದಲಾಗಿ ಸರಿಹೋಗದಿದ್ರೆ, ನುಂಗೋಕೆ ಕಷ್ಟ ಆದ್ರೆ, ತಡ ಮಾಡದೆ ತೋರಿಸಿ.

ನಿಮ್ಮ ಗ್ರೂಪಲ್ಲಿ ಯಾರಿಗಾದ್ರೂ ಹೀಗಾದ್ರೆ, "ಏನಾದ್ರೂ ಬೇಕಾದ್ರೆ ಹೇಳು" ಅನ್ನಬೇಡಿ. ಹಾಗಂದ್ರೆ ಯಾರೂ ಕೇಳಲ್ಲ. "ಆಸ್ಪತ್ರೆ ಯಾವತ್ತು? ನಾನು ಬರ್ತೀನಿ" ಅನ್ನಿ. ರಿಪೋರ್ಟ್ ಬರೋ ತಾರೀಕು ನಿಮ್ಮ ಫೋನಲ್ಲೂ ಹಾಕ್ಕೊಳ್ಳಿ. ನನ್ನ ಮುಂದಿನ ಚೆಕಪ್ ಕಾಫಿ ಕೊಯ್ಲು ಮುಗಿದ ಮೇಲೆ. ಜೀಪಿನವನಿಗೆ ಆ ತಾರೀಕು ನನಗಿಂತ ಮೊದಲೇ ಗೊತ್ತು.