ಪ್ರವಾಹದ ವೇಳೆಯಲ್ಲಿ ವೈರ್‌ಲೆಸ್: ಹೇಳುವ ಕ್ರಮ, ಕೇಳುವ ಕ್ರಮ

(ಮಲೆನಾಡಿನ ವಿದ್ಯಾರ್ಥಿಗಳ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆಯರು ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಅಣೆಕಟ್ಟೆಯನ್ನು ದಾಟಿ, ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ಅಂಚಿನಲ್ಲಿ ಹರಿಯುತ್ತಾರೆ. ಅದೇ ಜಿಲ್ಲೆಯ ದೇವದುರ್ಗಕ್ಕೆ ಕೃಷ್ಣೆಯೇ ಉತ್ತರದ ಗಡಿ. ನಮ್ಮ ಅಂಗಳದಲ್ಲಿ ಬಿದ್ದ ಮಳೆ ಕೆಲವು ದಿನಗಳ ಬಳಿಕ ಮಾನ್ವಿಯ ದಡವನ್ನು ಮುಟ್ಟುವುದರಿಂದ, ಆ ಬಯಲುಸೀಮೆಯ ಮಾತನ್ನು ಈ ಗುಡ್ಡದ ಮೇಲೆ ಆಡುವುದು ಅಪ್ರಸ್ತುತವೆಂದು ನಾನು ಭಾವಿಸುವುದಿಲ್ಲ.

2009ರ ಅಕ್ಟೋಬರ್ ಮೊದಲ ವಾರದ ಮಳೆ, ನೆರೆಗಳಲ್ಲಿ ಉತ್ತರ ಕರ್ನಾಟಕದ ಇನ್ನೂರಕ್ಕೂ ಹೆಚ್ಚು ಜನರು ಸತ್ತರು. ತೀವ್ರ ಹಾನಿಗೊಳಗಾದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. 2019ರ ಆಗಸ್ಟ್‌ನಲ್ಲಿ ನಾರಾಯಣಪುರದ ಬಸವಸಾಗರದಿಂದ ಐದು ಲಕ್ಷ ಕ್ಯೂಸೆಕ್‌ಗೂ ಮಿಗಿಲಾಗಿ ನೀರು ಹರಿದಾಗ ದೇವದುರ್ಗದ ಹೂವಿನಹೆಡಗಿ ಸೇತುವೆ ಮುಳುಗಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದು, ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಇಂಥ ರಾತ್ರಿಗಳಲ್ಲಿ ವಿದ್ಯುತ್ ಹೋದರೆ, ಬ್ಯಾಟರಿ ತೀರಿದೊಡನೆ ಮೊಬೈಲ್ ಗೋಪುರಗಳೂ ಮೌನವಾಗುತ್ತವೆ. ಆಗ ಉಳಿಯುವುದು ಜೀಪು, ದೋಣಿಗಳಲ್ಲಿರುವ ವೈರ್‌ಲೆಸ್ ಸೆಟ್ಟು ಮತ್ತು ಜಿಲ್ಲಾ ಕೇಂದ್ರದ ಕಂಟ್ರೋಲ್ ರೂಮು. ಸೆಟ್ಟು ಕೊಳ್ಳಲು ಹಣ ಹೇಗೋ ಒದಗುತ್ತದೆ. ಅದರಲ್ಲಿ ಮಾತನಾಡುವ ಅಭ್ಯಾಸಕ್ಕೆ ಮಾತ್ರ ಯಾರಿಗೂ ಬಿಡುವಿಲ್ಲ.

ವೈರ್‌ಲೆಸ್ ದೂರವಾಣಿಯಲ್ಲ. ಒಂದು ಹೊತ್ತಿನಲ್ಲಿ ಒಬ್ಬರೇ ಮಾತನಾಡಬೇಕು. ಇಬ್ಬರು ಒಮ್ಮೆಗೇ ಗುಂಡಿ ಒತ್ತಿದರೆ ಇಬ್ಬರ ಮಾತೂ ಕೆಡುತ್ತದೆ. ಕೆಟ್ಟಿತೆಂಬುದು ಆಡಿದವರಿಗೆ ತಿಳಿಯುವುದೂ ಇಲ್ಲ. ಆದುದರಿಂದ ಮೊದಲು ಕೇಳಿರಿ, ಗುಂಡಿ ಒತ್ತಿರಿ, ಒಂದು ಕ್ಷಣ ತಡೆದು ಮಾತನಾಡಿರಿ. ತಡೆಯದಿದ್ದರೆ ಮೊದಲ ಪದವೇ ತುಂಡಾಗುತ್ತದೆ. ಕರೆಯಲ್ಪಡುವವರ ಹೆಸರು ಮೊದಲು, ನಿಮ್ಮದು ಅನಂತರ: "ಕಂಟ್ರೋಲ್, ಕಂಟ್ರೋಲ್, ದೋಣಿ ಎರಡು ಮಾತನಾಡುತ್ತಿದೆ, ಓವರ್." 'ಓವರ್' ಎಂದರೆ ಉತ್ತರಕ್ಕೆ ಕಾಯುತ್ತಿದ್ದೇನೆಂದು, 'ಔಟ್' ಎಂದರೆ ಮಾತು ಮುಗಿಯಿತೆಂದು. ಎರಡನ್ನೂ ಜೋಡಿಸಿ ಹೇಳುವುದು ಸಿನಿಮಾದವರ ಅಭ್ಯಾಸ. 'ರೋಜರ್' ಎಂದರೆ ಕೇಳಿಸಿತು ಎಂದಷ್ಟೇ, ಮಾಡುತ್ತೇನೆ ಎಂದಲ್ಲ.

ಅಪಾಯವಿರುವುದು ಹೆಸರು ಮತ್ತು ಅಂಕಿಗಳಲ್ಲಿ. ರಾಯಚೂರು ತಾಲ್ಲೂಕಿನಲ್ಲಿ ಕೃಷ್ಣೆಯ ನಡುಗಡ್ಡೆಗಳಾದ ಕುರ್ವಕಲಾ, ಕುರ್ವಕುರ್ದಾ ಎಂಬ ಎರಡು ಊರುಗಳಿವೆ. ಕಂದಾಯದ ಹಳೆಯ ಪಾರ್ಸಿ ಮಾತಿನಲ್ಲಿ ಕಲಾನ್ ಎಂದರೆ ದೊಡ್ಡದು, ಖುರ್ದ್ ಎಂದರೆ ಚಿಕ್ಕದು. ಎರಡು ಹೆಸರುಗಳ ತಲೆ ಒಂದೇ, ಬಾಲ ಮಾತ್ರ ಬೇರೆ. ದೋಣಿಯ ಎಂಜಿನ್ ಸದ್ದಿನಲ್ಲಿ, ಮಳೆಯ ಅಬ್ಬರದಲ್ಲಿ ಆ ಬಾಲವೇ ಮೊದಲು ನುಂಗಿಹೋಗುತ್ತದೆ. ಬಸುರಿ ಹೆಂಗಸೊಬ್ಬಳು ಒಂದು ನಡುಗಡ್ಡೆಯಲ್ಲಿ ಕಾಯುತ್ತಿರುವಾಗ ದೋಣಿ ಇನ್ನೊಂದಕ್ಕೆ ಹೋಗಿ ನಿಂತರೆ ಏನಾದೀತೆಂದು ಊಹಿಸಿರಿ. ಆದುದರಿಂದ ಊರಿನ ಹೆಸರನ್ನು ಎರಡು ಬಾರಿ, ಬಿಡಿಸಿ ಬಿಡಿಸಿ ಹೇಳಬೇಕು. ಗುಡಿಯನ್ನೋ ಶಾಲೆಯನ್ನೋ ಗುರುತಾಗಿ ಸೇರಿಸಬೇಕು. ಅರವತ್ತು ಸಾವಿರ ಕ್ಯೂಸೆಕ್ ಎಂದುದು ಎಪ್ಪತ್ತಾಗಿ ಕೇಳಿಸಬಹುದು. ಅಂಕಿಗಳನ್ನು "ಆರು, ಸೊನ್ನೆ, ಸಾವಿರ" ಎಂದು ಬಿಡಿಸಬೇಕು.

ಕೇಳಿದವನು ಕೇಳಿದ್ದನ್ನೇ ಮರಳಿ ಹೇಳಬೇಕು. ಹೇಳಿದವನು "ಸರಿ" ಎನ್ನುವ ತನಕ ಸಂದೇಶ ತಲುಪಿಲ್ಲವೆಂದೇ ತಿಳಿಯಬೇಕು. ಇದಕ್ಕೆ ಹತ್ತು ಸೆಕೆಂಡು ಹಿಡಿಯುತ್ತದೆ. ಮೇಲಧಿಕಾರಿಗೆ ಮರುಪ್ರಶ್ನೆ ಹಾಕಲು ನಾಚುವ ನಮ್ಮ ಸ್ವಭಾವವೇ ಇಲ್ಲಿ ದೊಡ್ಡ ಅಡ್ಡಿ.

ಕಂಟ್ರೋಲ್‌ನಲ್ಲಿ ಕುಳಿತವರು ಗಂಟೆ, ಕರೆದವರು, ಸಂದೇಶ ಇವಿಷ್ಟನ್ನು ಪುಸ್ತಕದಲ್ಲಿ ಬರೆಯಬೇಕು. ತುರ್ತು ಕರೆ ಬಂದೊಡನೆ ಉಳಿದವರನ್ನು ಮೌನಕ್ಕೆ ಕರೆಯುವ ಅಧಿಕಾರವೂ ಹೊಣೆಯೂ ಅವರದೇ.

ಕಡೆಯದಾಗಿ ನಮ್ಮ ನೆಲದ ಸಂಗತಿ. ಈ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಮಾನ್ವಿಯ ಬಯಲಿನಲ್ಲಿ ಕೇಳಿಸುವಷ್ಟು ದೂರ ನಮ್ಮ ಕಣಿವೆಯಲ್ಲಿ ಕೇಳಿಸದು. ನಡುವೆ ಗುಡ್ಡವೊಂದು ಬಂದರೆ ಮುಗಿಯಿತು. ಕಾಡಿಗೆ ಬೆಂಕಿ ಬಿದ್ದಾಗ, ಗುಡ್ಡ ಕುಸಿದಾಗ ಏಣಿನ ಮೇಲೊಬ್ಬರು ನಿಂತು ಎರಡೂ ಕಡೆಯ ಮಾತನ್ನು ದಾಟಿಸಬೇಕು. ಮಧ್ಯಾಹ್ನ ಊಟದ ಬಳಿಕ ಒಂದು ತಂಡ ಹೊಳೆಯ ದಡಕ್ಕೆ, ಒಂದು ಗುಡ್ಡದಾಚೆಗೆ, ಇಬ್ಬರು ನೆತ್ತಿಗೆ ಹೋಗೋಣ. ಪೆನ್ನು, ಪುಸ್ತಕ ಮರೆಯದಿರಿ.